ಮೂರು ಗಂಟಿನ ಕಥೆ: ಮಾಟ, ಮದುವೆ, ಕಗ್ಗಂಟು

ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಜೋರಾಗುತ್ತದೆ. ಓಲಗದವರು ಉಸಿರು ಬಿಗಿ ಹಿಡಿದು ಊದುತ್ತಾರೆ, ಡೋಲು ಎದೆಗೇ ಬಡಿದಂತಾಗುತ್ತದೆ. ಆ ಗಳಿಗೆಯಲ್ಲಿ ಯಾರಾದರೂ ಸೀನಿದರೂ, ಬಾಯಿ ತಪ್ಪಿ ಕೆಟ್ಟ ಮಾತಾಡಿದರೂ ಯಾರ ಕಿವಿಗೂ ಬೀಳಬಾರದು ಅಂತ. ಹುಡುಗನ ಬೆರಳು ನಡುಗುತ್ತಿರುತ್ತವೆ. ಒಂದು ಗಂಟು, ಎರಡು ಗಂಟು, ಮೂರು ಗಂಟು. ಛತ್ರದ ತುಂಬ ಅಕ್ಷತೆ ಹಾರುತ್ತದೆ. ಹಿಂದಿನ ಸಾಲಿನಲ್ಲಿ ನಿಂತವರಿಗೆ ಫೋಟೋಗ್ರಾಫರನ ಬೆನ್ನು ಬಿಟ್ಟು ಏನೂ ಕಾಣಿಸುವುದಿಲ್ಲ. ಅವರೂ ಅಕ್ಕಿ ಎಸೆಯುತ್ತಾರೆ. ಎಸೆದ ಮೇಲೆ ಅವರೂ ಸಾಕ್ಷಿ.

ಹೋದ ಮಳೆಗಾಲದಲ್ಲಿ ಮೂಡಿಗೆರೆ ಕಡೆ ನಾಲ್ಕು ದಿನ ಕರೆಂಟಿರಲಿಲ್ಲ. ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಕೂತಿದ್ದೆವು. ಚಿಕ್ಕಮ್ಮನ ಮಗಳು ನನ್ನ ಫೋನಿನಲ್ಲಿದ್ದ ಒಂದು ಇಂಗ್ಲಿಷ್ ಕಾದಂಬರಿಯ ಬೆನ್ನುಡಿ ಓದಿ ಕೇಳಿದಳು: "ಇದರಲ್ಲಿ ಮಾಟಗಾತಿಯರಿದ್ದಾರೆ. ಕೊಲೆ ಇದೆ. ಇಬ್ಬರು ಗಂಡಸರ ಪ್ರೀತಿ ಇದೆ. ಕೊನೆಗೆ ಮದುವೇನೂ ಇದೆ. ಇಷ್ಟೆಲ್ಲ ಒಂದೇ ಕಥೆಯಲ್ಲಿ ಹೇಗೆ ಹಿಡಿಸುತ್ತೆ?"

ಒಳ್ಳೆ ಪ್ರಶ್ನೆ. ಅವತ್ತು ಕೊಟ್ಟ ಉತ್ತರ ನನಗೇ ಸಮಾಧಾನ ಆಗಲಿಲ್ಲ. ಅದನ್ನೇ ಈಗ ಬಿಡಿಸಿ ಹೇಳುತ್ತೇನೆ.

ಈ ಬಗೆಯ ಕಥೆಗಳಿಗೆ ಇಂಗ್ಲಿಷಿನಲ್ಲಿ ಪ್ಯಾರಾನಾರ್ಮಲ್ ಗೇ ರೊಮ್ಯಾನ್ಸ್ ಮಿಸ್ಟರಿ ಅನ್ನುತ್ತಾರೆ. ಹೆಸರು ಉದ್ದ, ಆದರೆ ಒಂದೊಂದು ಪದವೂ ಓದುಗರಿಗೆ ಕೊಟ್ಟ ಒಂದೊಂದು ಮಾತು. ಪ್ಯಾರಾನಾರ್ಮಲ್ ಅಂದರೆ ಈ ಲೋಕದಲ್ಲಿ ಮಾಟ ನಿಜ, ದೆವ್ವ ನಿಜ. ಮಿಸ್ಟರಿ ಅಂದರೆ ಒಂದು ಕಗ್ಗಂಟು ಇರುತ್ತದೆ, ಕೊನೆಯೊಳಗೆ ಅದು ಬಿಚ್ಚುತ್ತದೆ. ರೊಮ್ಯಾನ್ಸ್ ಅಂದರೆ ಪ್ರೀತಿಸಿದವರು ಕೊನೆಯಲ್ಲಿ ಒಂದಾಗುತ್ತಾರೆ. ಈ ಕೊನೆಯ ಮಾತು ಸುಮ್ನೆ ಹೇಳಿದ್ದಲ್ಲ. ದುಃಖದಲ್ಲಿ ಮುಗಿಯುವ ಪ್ರೇಮಕಥೆ ಎಷ್ಟೇ ಚೆನ್ನಾಗಿರಲಿ, ರೊಮ್ಯಾನ್ಸ್ ಓದುವವರು ಅದನ್ನು ರೊಮ್ಯಾನ್ಸ್ ಅಂತ ಒಪ್ಪುವುದಿಲ್ಲ.

ಇನ್ನು ಗೇ ಅನ್ನುವ ಪದ. ಹುಡುಗ ಹುಡುಗನನ್ನು ಪ್ರೀತಿಸುವ ಕಥೆಗಳಲ್ಲಿ ಬಹಳ ಕಾಲ ಇಬ್ಬರಲ್ಲಿ ಒಬ್ಬ ಸಾಯುತ್ತಿದ್ದ. ಇಲ್ಲವೇ ಊರು ಬಿಡುತ್ತಿದ್ದ, ಇಲ್ಲವೇ ಮನೆಯವರು ತೋರಿಸಿದ ಹುಡುಗಿಯ ಕುತ್ತಿಗೆಗೆ ತಾಳಿ ಕಟ್ಟಿ ಸುಮ್ಮನಾಗುತ್ತಿದ್ದ. ಸುಖಾಂತ ಸಿಗದೇ ಇದ್ದವರಿಗೆ ಸುಖಾಂತ ಕಡ್ಡಾಯ ಅಂತ ಮಾತು ಕೊಡುವ ಕಥೆ ಎಷ್ಟು ಬೇಕಾಗುತ್ತದೆ ಅಂತ ಯೋಚಿಸಿ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಇಂಥ ಒಂದು ಕಥೆ ಓದಿ ರಾತ್ರಿಯಿಡೀ ನಿದ್ದೆ ಬಾರದೆ ಕೂತವರು ನನಗೆ ಗೊತ್ತು.

ಈಗ ಮೂರು ಗಂಟಿನ ವಿಷಯಕ್ಕೆ ಬರುತ್ತೇನೆ. ಮಾಟಕ್ಕೂ ಗಂಟು ಬೇಕು, ತಾಯತದ ದಾರ ನೋಡಿ. ಮದುವೆಗೂ ಗಂಟು ಬೇಕು, ಅದನ್ನು ನಾವು ಬ್ರಹ್ಮಗಂಟು ಅನ್ನುತ್ತೇವೆ. ಬಿಡಿಸಲಾಗದ ಸಮಸ್ಯೆಗೆ ಕಗ್ಗಂಟು ಅನ್ನುತ್ತೇವೆ. ಕನ್ನಡದಲ್ಲಿ ಮೂರಕ್ಕೂ ಒಂದೇ ಪದ ಬಂದು ನಿಂತಿರುವುದು ನನಗೆ ಕಾಕತಾಳೀಯ ಅನಿಸುವುದಿಲ್ಲ. ಮೂರೂ ನಿಲ್ಲುವುದು ಒಂದೇ ನೆಲದ ಮೇಲೆ. ಅದು ಸಾಕ್ಷಿ. ಯಾರು ಕಟ್ಟಿದರು, ಯಾರು ನೋಡಿದರು, ನೋಡಿದವರ ಮಾತನ್ನು ಯಾರು ನಂಬಿದರು? ಈ ಕಥೆಗಳ ಜೀವ ಇರುವುದು ಅಲ್ಲಿ.

ಮಾಟ ಅಂದರೆ ಮಾಡುವುದು

ಆಡು ಅನ್ನುವುದರಿಂದ ಆಟ ಬಂತು. ಓಡು ಇಂದ ಓಟ, ನೋಡು ಇಂದ ನೋಟ, ಕೂಡು ಇಂದ ಕೂಟ. ಹಾಗೇ ಮಾಡು ಇಂದ ಮಾಟ. ಮೊದಲ ಅರ್ಥದಲ್ಲಿ ಮಾಟ ಅಂದರೆ ಮಾಡುವ ಕೆಲಸ, ಮಾಡಿದ ರೀತಿ, ಅಷ್ಟೇ. ಚೆನ್ನಾಗಿ ಮಾಡಿದ ವಸ್ತುವನ್ನು ಮಾಟವಾಗಿದೆ ಅಂತ ನಮ್ಮಜ್ಜಿ ಈಗಲೂ ಹೇಳುತ್ತಾರೆ. ಯಾರೋ ಯಾರಿಗೋ ಏನೋ "ಮಾಡಿಸಿದ್ದಾರೆ" ಅಂತ ಪಿಸುಗುಟ್ಟುವಾಗಲೂ ಅದೇ ಪದ ಇದೆ.

ಇಂಗ್ಲಿಷಿನ ವಿಚ್ ಅನ್ನುವ ಪದಕ್ಕೆ ಹಳೆ ಇಂಗ್ಲಿಷಿನಲ್ಲಿ ಗಂಡು ರೂಪವೂ ಇತ್ತು, ಹೆಣ್ಣು ರೂಪವೂ ಇತ್ತು. ಕಾಲ ಕಳೆದಂತೆ ಅದು ಹೆಂಗಸಿನ ತಲೆ ಮೇಲೆ ಕೂತಿತು. ಈ ಕಥೆಗಳು ಅದನ್ನು ಮತ್ತೆ ಇಬ್ಬರಿಗೂ ಹಂಚುತ್ತವೆ. ಇಲ್ಲಿ ಗಂಡಸೂ ವಿಚ್ಚೇ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬರಬೇಕಾದ ವಿದ್ಯೆ ಈ ಸಲ ಮೊಮ್ಮಗನಿಗೆ ಬಂದಿರುತ್ತದೆ. ಅವನು ಅದನ್ನು ಮುಚ್ಚಿಟ್ಟುಕೊಂಡೇ ಬೆಳೆದಿರುತ್ತಾನೆ. ಮನೆಯವರಿಗೆ ಗೊತ್ತಾದರೆ ಏನು, ಊರಿಗೆ ಗೊತ್ತಾದರೆ ಏನು ಅನ್ನುವ ಭಯ. ಆ ಭಯ ಯಾವುದರ ನೆರಳು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಓದುಗರಿಗೆ ಮೊದಲ ಪುಟದಲ್ಲೇ ತಿಳಿಯುತ್ತದೆ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಕಥೆಯಲ್ಲಿ ಮಾಟಗಾತಿ ಅನ್ನುವ ಪದ ಚೆಂದ. ನಿಜ ಜೀವನದಲ್ಲಿ ಅದು ಜನರನ್ನು ಕೊಂದಿದೆ. ಹಾಗೆ ಹಣೆಪಟ್ಟಿ ಹಚ್ಚಿ ಹೆಂಗಸರನ್ನು ಹಿಂಸಿಸುವುದನ್ನು ತಡೆಯಲು ಬಿಹಾರ 1999ರಲ್ಲೇ ಕಾನೂನು ಮಾಡಬೇಕಾಯಿತು. ನಮ್ಮಲ್ಲಿ ಅಮಾನವೀಯ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆಗೆ 2017ರಲ್ಲಿ ಒಪ್ಪಿಗೆ ಸಿಕ್ಕಿತು, 2020ರಲ್ಲಿ ಅದು ಜಾರಿಗೆ ಬಂತು. ಮೈಮೇಲೆ ಬಂದಿದೆ, ಬಿಡಿಸುತ್ತೇವೆ ಅಂತ ಹೊಡೆಯುವುದು ಈಗ ಅಪರಾಧ. ಮಗ ಹುಡುಗರನ್ನು ಇಷ್ಟಪಡುತ್ತಾನೆ ಅಂತ ಗೊತ್ತಾದ ಕೂಡಲೇ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋದ ಮನೆಗಳೂ ಇವೆ, ಡಾಕ್ಟರ ಹತ್ತಿರ ಎಳೆದುಕೊಂಡು ಹೋದ ಮನೆಗಳೂ ಇವೆ. ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರ ಮೇ 17ರಂದು. ಅದನ್ನು "ಗುಣಪಡಿಸುತ್ತೇನೆ" ಅನ್ನುವ ಚಿಕಿತ್ಸೆ ವೃತ್ತಿ ದುರ್ನಡತೆ ಅಂತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದ್ದು 2022ರಲ್ಲಿ. ನಡುವೆ ಮೂವತ್ತೆರಡು ವರ್ಷ ಹೋಯಿತು.

ದೆವ್ವ ಹೇಳಿದ ಸಾಕ್ಷಿ

ಈ ಕಥೆಗಳು ಜಾಸ್ತಿ ಹುಟ್ಟುವುದು ಅಮೆರಿಕದಲ್ಲಿ. ಅಲ್ಲಿನ ಮಾಟದ ಕಥೆಗಳೆಲ್ಲ ಒಂದಲ್ಲ ಒಂದು ದಾರಿಯಿಂದ ಸೇಲಂ ಅನ್ನುವ ಊರಿಗೆ ಹೋಗಿ ಸೇರುತ್ತವೆ. ಮ್ಯಾಸಚೂಸೆಟ್ಸ್ ಪ್ರಾಂತ್ಯದಲ್ಲಿ 1692ರಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ನೇಣಿಗೆ ಹಾಕಿದರು. ಅವರಲ್ಲಿ 14 ಹೆಂಗಸರು, 5 ಗಂಡಸರು. ಇನ್ನೊಬ್ಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಸಾಯಿಸಿದರು. ವಿಚಾರಣೆಗೆ ಒಪ್ಪದೆ ಬಾಯಿ ಮುಚ್ಚಿಕೊಂಡಿದ್ದಕ್ಕೆ.

ಅಲ್ಲಿನ ನ್ಯಾಯಾಲಯ ಯಾವ ಸಾಕ್ಷಿಯನ್ನು ನಂಬಿತು ಅನ್ನುವುದನ್ನು ಗಮನಿಸಿ. "ಆ ಹೆಂಗಸಿನ ಆಕಾರ ರಾತ್ರಿ ನನ್ನ ಹಾಸಿಗೆ ಹತ್ತಿರ ಬಂತು, ಕುತ್ತಿಗೆ ಹಿಚುಕಿತು" ಅಂತ ಯಾರಾದರೂ ಹೇಳಿದರೆ ಅದನ್ನು ಸಾಕ್ಷಿ ಅಂತ ಬರೆದುಕೊಂಡರು. ಆ ಹೆಂಗಸು ಆ ಹೊತ್ತಿನಲ್ಲಿ ತನ್ನ ಮನೆಯಲ್ಲಿ ಮಲಗಿದ್ದಳು ಅಂತ ಹತ್ತು ಜನ ಹೇಳಿದರೂ ಲೆಕ್ಕಕ್ಕಿಲ್ಲ. ಬಂದದ್ದು ದೇಹ ಅಲ್ಲ, ಆಕಾರ! ಇದಕ್ಕೆ ಎದುರು ವಾದವೇ ಇಲ್ಲ. ಇದನ್ನು ಸ್ಪೆಕ್ಟ್ರಲ್ ಎವಿಡೆನ್ಸ್ ಅನ್ನುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಆ ನ್ಯಾಯಾಲಯವನ್ನು ನಿಲ್ಲಿಸಿದ. ಮುಂದೆ ಇಂಥ ಸಾಕ್ಷಿ ನಡೆಯಲಿಲ್ಲ, ಉಳಿದವರ ಜೀವ ಉಳಿಯಿತು. ಶಿಕ್ಷೆ ಬಿದ್ದವರಲ್ಲಿ ಕೊನೆಯ ಹೆಸರು ಎಲಿಜಬೆತ್ ಜಾನ್ಸನ್. ಆ ಹೆಸರಿನಿಂದ ಕಳಂಕ ತೆಗೆದದ್ದು 2022ರಲ್ಲಿ. ಅದಕ್ಕೆ ಅರ್ಜಿ ಹಿಡಿದು ಓಡಾಡಿದ್ದು 8ನೇ ತರಗತಿ ಮಕ್ಕಳು.

ಅದೇ ಮ್ಯಾಸಚೂಸೆಟ್ಸ್ ಇನ್ನೊಂದು ಕಾರಣಕ್ಕೂ ಹೆಸರಾಗಿದೆ. ಅಮೆರಿಕದಲ್ಲಿ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಕಾನೂನಿನ ಪ್ರಕಾರ ಮದುವೆಯಾಗಲು ಮೊದಲು ಬಾಗಿಲು ತೆಗೆದ ರಾಜ್ಯ ಅದು. 2004ರ ಮೇ 17ರಂದು. ಇಡೀ ದೇಶಕ್ಕೆ ಆ ಹಕ್ಕು ಬಂದದ್ದು 2015ರ ಜೂನ್ 26ರ ಸುಪ್ರೀಂ ಕೋರ್ಟ್ ತೀರ್ಪಿನಿಂದ, ಅದೂ 5-4ರ ಅಂತರದಲ್ಲಿ. ಮಾಟಗಾತಿಯರನ್ನು ನೇಣಿಗೇರಿಸಿದ ಮಣ್ಣೇ ಈ ಮದುವೆಗಳಿಗೆ ಮೊದಲು ಅಂಗಳ ಕೊಟ್ಟಿತು. ಮಾಟ ಮತ್ತು ಗಂಡಸರಿಬ್ಬರ ಮದುವೆ ಒಂದೇ ಕಥೆಯಲ್ಲಿ ಯಾಕೆ ಬಂತು ಅಂತ ತಂಗಿ ಕೇಳಿದ್ದಳಲ್ಲ, ಅರ್ಧ ಉತ್ತರ ಈ ನೆಲದಲ್ಲಿದೆ. ಒಂದು ಕಾಲದಲ್ಲಿ ಸುಳ್ಳು ಸಾಕ್ಷಿಗೆ ಬಲಿಯಾದವರ ಕಥೆ, ಇನ್ನೊಂದು ಕಾಲದಲ್ಲಿ ನಿಜ ಹೇಳಿದರೂ ಸಾಕ್ಷಿ ಸಿಗದವರ ಕಥೆ.

ಇಂಗ್ಲೆಂಡಿನಲ್ಲಿ 1735ರ ಮಾಟದ ಕಾಯ್ದೆ ರದ್ದಾದದ್ದು 1951ರಲ್ಲಿ. ಅದಾದ ಮೇಲೆ ಮಾಟವನ್ನೇ ಧರ್ಮವಾಗಿ ಆಚರಿಸುವ ವಿಕ್ಕಾ ಅನ್ನುವ ಪಂಥ ಬಹಿರಂಗಕ್ಕೆ ಬಂತು. ಅವರ ಮದುವೆಯಲ್ಲಿ ಇಬ್ಬರ ಕೈ ಸೇರಿಸಿ ದಾರದಿಂದ ಕಟ್ಟುತ್ತಾರೆ. ನಮ್ಮಲ್ಲಿ ಕೈ ಹಿಡಿದವಳು, ಕೈ ಹಿಡಿದವನು ಅನ್ನುತ್ತೇವಲ್ಲ, ಅದಕ್ಕೆ ಒಂದು ದಾರ ಸುತ್ತಿದ ಹಾಗೆ. ಕಥೆಗಾರರಿಗೆ ಇದು ಬಹಳ ಇಷ್ಟ. ಗಂಡು ಹೆಣ್ಣು ಅನ್ನುವ ಪ್ರಶ್ನೆಯೇ ಬಾರದೆ ಎರಡು ಕೈ ಮಾತ್ರ ಕಾಣುತ್ತವೆ.

ಜಗಳ ಇರುವ ಜಾಗ

ಪತ್ತೇದಾರಿ ಕಥೆಗೂ ಮಾಟಕ್ಕೂ ಹುಟ್ಟಿನಿಂದ ಆಗಿಬರುವುದಿಲ್ಲ. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿದರು. ಅವರೂ ಅಂಥ ಕಥೆ ಬರೆಯುತ್ತಿದ್ದವರೇ. ದೆವ್ವ, ಪವಾಡ ಯಾವುದೂ ಬರಕೂಡದು ಅನ್ನುವುದು ಅದರಲ್ಲಿ ಒಂದು. ಕಾರಣ ಸರಿಯಾಗಿಯೇ ಇದೆ. ಓದುಗರೂ ಪತ್ತೇದಾರನ ಜೊತೆ ತಲೆ ಓಡಿಸುತ್ತಿರುತ್ತಾರೆ. ಕೊನೆಗೆ ದೆವ್ವ ಬಂದು ಕೊಲೆಗಾರನ ಹೆಸರು ಹೇಳಿಬಿಟ್ಟರೆ ಅದು ಮೋಸ.

ಹಾಗಾದರೆ ಈ ಕಥೆಗಾರರು ಏನು ಮಾಡುತ್ತಾರೆ? ಮಾಟಕ್ಕೂ ಕಟ್ಟಳೆ ಹಾಕುತ್ತಾರೆ. ಏನು ಸಾಧ್ಯ, ಏನು ಸಾಧ್ಯವಿಲ್ಲ, ಮಾಡಿದರೆ ಏನು ಕಳೆದುಕೊಳ್ಳಬೇಕು ಅಂತ ಮೊದಲೇ ಹೇಳಿಬಿಡುತ್ತಾರೆ. ಆಮೇಲೆ ಆ ಗೆರೆ ದಾಟುವ ಹಾಗಿಲ್ಲ. ಅದಕ್ಕಿಂತ ಮುಖ್ಯವಾದ್ದು ಒಂದಿದೆ. ಮಾಟದಿಂದ ಗೊತ್ತಾದದ್ದನ್ನು ಲೋಕದ ಮುಂದೆ ಇಡಲು ಸಾಮಾನ್ಯ ಸಾಕ್ಷಿಯೇ ಬೇಕು. ಸೇಲಂ ಕಲಿಸಿದ ಪಾಠವನ್ನು ಈ ಕಥೆಗಳು ಮರೆಯುವುದಿಲ್ಲ. ನಾಯಕನಿಗೆ ಸತ್ಯ ಗೊತ್ತು, ಆದರೆ "ಆಕಾರ ಬಂದು ಹೇಳಿತು" ಅಂತ ಯಾರನ್ನೂ ಜೈಲಿಗೆ ಹಾಕಿಸುವ ಹಾಗಿಲ್ಲ.

ಇದನ್ನು ನಮ್ಮ ನೆಲದಲ್ಲಿ ಇಟ್ಟು ತೋರಿಸುತ್ತೇನೆ. ಹಾಸನ, ಚಿಕ್ಕಮಗಳೂರಿಗೆ ಇಂಥ ಕಥೆ ಹೊಸದಲ್ಲ. ಹಾಸನಾಂಬೆಯ ಗುಡಿಯಲ್ಲಿ ಸೊಸೆ ಕಲ್ಲು ಇದೆ. ದಿನಾ ದೇವಿಯ ದರ್ಶನಕ್ಕೆ ಬರುತ್ತಿದ್ದ ಸೊಸೆಯನ್ನು ಅತ್ತೆ ಗುಡಿಯೊಳಗೇ ಹೊಡೆದಳು, ಸೊಸೆ ದೇವಿಯನ್ನು ಕೂಗಿದಳು, ಕಲ್ಲಾಗಿ ದೇವಿಯ ಹತ್ತಿರವೇ ಉಳಿದಳು ಅನ್ನುವುದು ಜನರ ನಂಬಿಕೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿ ಕಾಳಿನಷ್ಟು ದೇವಿಯ ಕಡೆ ಸರಿಯುತ್ತದಂತೆ. ಅದೇ ಗುಡಿಯಲ್ಲಿ ಕಳ್ಳತನಕ್ಕೆ ಬಂದು ಕಲ್ಲಾದ ಕಳ್ಳರೂ ಇದ್ದಾರೆ. ವರ್ಷಕ್ಕೊಮ್ಮೆ ಬಾಗಿಲು ತೆಗೆದಾಗ ಸಾಲಿನಲ್ಲಿ ನಿಂತು ನೋಡಿದ್ದೇನೆ. ಕೆಟ್ಟುಹೋದ ಮದುವೆ, ಅಪರಾಧ, ಅಲೌಕಿಕ, ಎಲ್ಲ ಒಂದೇ ಸೂರಿನಡಿ ಇದೆ. ಚಿಕ್ಕಮಗಳೂರಿನ ಹೆಸರೇ ಒಂದು ಮದುವೆಯ ಕಥೆ. ಸಖರಾಯಪಟ್ಟಣದ ದೊರೆ ರುಕ್ಮಾಂಗದ ತನ್ನ ಚಿಕ್ಕ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಅಂತ ಹೇಳುತ್ತಾರೆ. ದೊಡ್ಡ ಮಗಳ ಪಾಲಿಗೆ ಬಂದದ್ದು ಪಕ್ಕದ ಹಿರೇಮಗಳೂರು. ಅಲ್ಲಿನ ಕೋದಂಡರಾಮನ ಬಲಕ್ಕೆ ಸೀತೆ ನಿಂತಿದ್ದಾಳೆ, ಮದುವೆಯ ಮಂಟಪದಲ್ಲಿ ನಿಂತ ಹಾಗೆ.

ಒಂದು ರೋಬಸ್ಟಾ ಬ್ಲಾಕು, ಒಂದು ಸಾವು

ಕಥೆ ಹೀಗೆ ಅಂದುಕೊಳ್ಳಿ. ಇದು ನಾನೇ ಕಟ್ಟಿದ್ದು, ಗಂಟು ಹೇಗೆ ಬೀಳುತ್ತದೆ ಅಂತ ತೋರಿಸಲಿಕ್ಕೆ.

ಆಲ್ದೂರು ಕಡೆಯ ಒಂದು ಒಂಟಿಮನೆ. ಅಲ್ಲೊಬ್ಬ ಹುಡುಗ, ಶಿವು ಅನ್ನೋಣ. ಅವನಜ್ಜಿ ಊರಿಗೆಲ್ಲ ನಾರು ಬೇರು ಕೊಡುತ್ತಿದ್ದವಳು. ಎದುರಿಗೆ ಅಮ್ಮ ಅನ್ನುತ್ತಿದ್ದ ಜನ ಹಿಂದಿನಿಂದ ಮಾಟಗಾತಿ ಅನ್ನುತ್ತಿದ್ದರು. ಶಿವುಗೆ ಅವಳಿಂದ ಒಂದೇ ಒಂದು ವಿದ್ಯೆ ಬಂದಿದೆ. ಯಾವುದೇ ಗಂಟು ಮುಟ್ಟಿದರೆ ಅದನ್ನು ಕಟ್ಟಿದವರು ಯಾರು ಅಂತ ಗೊತ್ತಾಗುತ್ತದೆ. ಒಂದು ಗಂಟು, ಒಂದು ಹೆಸರು. ಯಾಕೆ ಕಟ್ಟಿದರು, ಯಾವಾಗ ಕಟ್ಟಿದರು ಅನ್ನುವುದು ಗೊತ್ತಾಗುವುದಿಲ್ಲ. ಮುಟ್ಟಿದ ಮೇಲೆ ಒಂದು ಹಗಲು ಕೈ ಬೆರಳಿಗೆ ಸ್ಪರ್ಶವೇ ಇರುವುದಿಲ್ಲ. ಇಷ್ಟೇ ಕಟ್ಟಳೆ.

ಇನ್ನೊಬ್ಬ ಅನ್ವರ್. ಮದುವೆ ಫೋಟೋಗ್ರಾಫರ್. ಸಕಲೇಶಪುರದಿಂದ ಕೊಪ್ಪದವರೆಗೆ ಅವನು ಹೋಗದ ಛತ್ರ ಇಲ್ಲ. ನೂರಾರು ಜನರ ತಾಳಿ ಕಟ್ಟುವ ಗಳಿಗೆ ಅವನ ಕ್ಯಾಮೆರಾದಲ್ಲಿದೆ. ಅವನ ಕೆಲಸವೇ ಸಾಕ್ಷಿಯಾಗುವುದು. ಅವನು ಶಿವು ಜೊತೆ ಐದು ವರ್ಷದಿಂದ ಇದ್ದಾನೆ, ಅದಕ್ಕೆ ಮಾತ್ರ ಸಾಕ್ಷಿ ಯಾರೂ ಇಲ್ಲ.

ಫೆಬ್ರವರಿ ತಿಂಗಳು. ಪಕ್ಕದ ಎಸ್ಟೇಟಿನ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ರೋಬಸ್ಟಾ ಕಾಫಿ ಬೆಳೆದ ಬ್ಲಾಕಿನ ಕೆಳಗಿನ ಕಾಲುದಾರಿಯಲ್ಲಿ ಸತ್ತು ಬಿದ್ದಿರುತ್ತಾರೆ. ಹಿಂದಿನ ರಾತ್ರಿ ಊರಲ್ಲಿ ಒಂದು ಮನೆಯ ಚಪ್ಪರ, ಮೈಕು ಹಚ್ಚಿ ಹಾಡು ಹಾಕಿದ್ದರು. ಕುಡಿದು ಬರುವಾಗ ಜಾರಿ ಬಿದ್ದಿರಬೇಕು ಅಂತ ಎಲ್ಲರೂ ಮುಗಿಸುತ್ತಾರೆ. ಹೆಣ ಎತ್ತಲು ಕೈ ಕೊಟ್ಟ ಶಿವುಗೆ ರೈಟರ ಮಣಿಕಟ್ಟಿನಲ್ಲಿದ್ದ ಹೊಸ ದಾರದ ಗಂಟು ತಾಗುತ್ತದೆ. ಒಂದು ಹೆಸರು ಬರುತ್ತದೆ. ಎಸ್ಟೇಟ್ ಧಣಿಯ ತಮ್ಮನದು. ಆತ ತಿಂಗಳಿಂದ ಬೆಂಗಳೂರಿನಲ್ಲೇ ಇದ್ದೇನೆ ಅಂತ ಎಲ್ಲರಿಗೂ ಹೇಳಿದ್ದಾನೆ.

ಇದನ್ನು ಠಾಣೆಯಲ್ಲಿ ಹೇಳಲು ಸಾಧ್ಯವಾ? ಇಲ್ಲ. ಇಲ್ಲಿಂದ ಪತ್ತೇದಾರಿ ಕಥೆ ಶುರು.

ನಮ್ಮಪ್ಪ ಎಸ್ಟೇಟಿನಲ್ಲಿ ರೈಟರಾಗಿದ್ದರು. ಬೆಳಗ್ಗೆ ಎದ್ದು ಅವರು ಮಾಡುತ್ತಿದ್ದ ಮೊದಲ ಕೆಲಸ ಮಳೆ ಮಾಪಕ ನೋಡುವುದು. ಗಾಜಿನ ಅಳತೆಗೆ ನೀರು ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಪುಸ್ತಕದಲ್ಲಿ ಸೆಂಟಿನ ಲೆಕ್ಕದಲ್ಲಿ ಬರೆಯುತ್ತಿದ್ದರು. ನೂರು ಸೆಂಟಿಗೆ ಒಂದು ಇಂಚು. ಮಳೆ ಬರದ ದಿನವೂ ಸೊನ್ನೆ ಬರೆಯಲೇಬೇಕು. ನಮ್ಮ ಕಡೆ ತೋಟದ ಮನೆಗಳಲ್ಲಿ ಜನ್ಮದಿನ ಮರೆತರೂ ಮಳೆ ಲೆಕ್ಕ ಮರೆಯುವುದಿಲ್ಲ.

ಕಥೆಯ ಎರಡನೇ ಅಧ್ಯಾಯದಲ್ಲಿ ಎರಡು ಸಣ್ಣ ಸಂಗತಿ ಇಡುತ್ತೇನೆ. ಹೆಣ ಎತ್ತುವಾಗ ಶಿವುವಿನ ಚಪ್ಪಲಿಗೆ ಕೆಸರು ಹತ್ತುತ್ತದೆ. ಎಸ್ಟೇಟ್ ಆಫೀಸಿನ ಮಳೆ ಪುಸ್ತಕದಲ್ಲಿ ಆ ದಿನದ ಎದುರು ಸೊನ್ನೆ ಇದೆ. ಅವಸರದಲ್ಲಿ ಓದುವವರು ಇದನ್ನು ದಾಟಿಹೋಗುತ್ತಾರೆ.

ಒಂಬತ್ತು ದಿನ ಕಳೆಯುತ್ತದೆ. ಅನ್ವರ್ ಎದುರು ಗುಡ್ಡದ ಮೇಲೆ ನಿಂತು ಮದುವೆಯಾಗಲಿರುವ ಜೋಡಿಯೊಂದರ ಫೋಟೋ ತೆಗೆಯುತ್ತಿರುತ್ತಾನೆ. ಜೊತೆಗೆ ಬಂದ ಶಿವು ಸುಮ್ನೆ ಕಣಿವೆ ನೋಡುತ್ತಾ ಕೂತಿರುತ್ತಾನೆ. ಇಡೀ ಗುಡ್ಡ ಹಸಿರು. ಒಂದು ಜಾಗದಲ್ಲಿ ಮಾತ್ರ ಹಿಟ್ಟು ಚೆಲ್ಲಿದ ಹಾಗೆ ಬಿಳಿ. ಗಾಳಿ ಬೀಸಿದಾಗ ಮಲ್ಲಿಗೆಯಂಥ ವಾಸನೆ ಇಲ್ಲಿಯವರೆಗೂ ಬರುತ್ತದೆ. ಕಾಫಿ ಹೂ.

ತೋಟದವರಿಗೆ ಇಷ್ಟು ಸಾಕು. ಬೇರೆಯವರಿಗೆ ಹೇಳುತ್ತೇನೆ. ಕಾಫಿ ಮೊಗ್ಗು ಬೇಸಿಗೆಯಲ್ಲಿ ಕಡ್ಡಿಯ ಗೆಣ್ಣಿನಲ್ಲಿ ಒಣಗಿದ ಹಾಗೆ ಮಲಗಿರುತ್ತದೆ. ಸುಮಾರು ಒಂದು ಇಂಚು ನೀರು ಬಿದ್ದರೆ ಎಚ್ಚರಾಗುತ್ತದೆ. ಹೂ ಮಳೆ ಅಂತ ನಾವು ಕಾಯುವುದು ಅದಕ್ಕೇ. ಮಳೆ ಬರದಿದ್ದರೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕುತ್ತಾರೆ. ನೀರು ಬಿದ್ದ ಎಂಟು ಹತ್ತು ದಿನಕ್ಕೆ ಇಡೀ ಬ್ಲಾಕು ಒಟ್ಟಿಗೆ ಅರಳುತ್ತದೆ. ಎರಡು ಮೂರು ದಿನ ಇದ್ದು ಉದುರುತ್ತದೆ. ಅಂದರೆ ಹೂ ಒಂದು ತಾರೀಕು. ಆ ಬ್ಲಾಕಿಗೆ ರೈಟರು ಸತ್ತ ರಾತ್ರಿ ಗಂಟೆಗಟ್ಟಲೆ ನೀರು ಬಿದ್ದಿದೆ, ಆಕಾಶದಿಂದ ಅಲ್ಲ. ಹೆಜ್ಜೆ ಗುರುತು, ಎಳೆದ ಗುರುತು ತೊಳೆದುಹೋಗಲಿ ಅಂತ ಯಾರೋ ಪಂಪು ಹಾಕಿದ್ದಾರೆ. ಡೀಸೆಲ್ ಪಂಪಿನ ಸದ್ದು ಚಪ್ಪರದ ಮೈಕಿನಲ್ಲಿ ಮುಚ್ಚಿಹೋಗಿದೆ, ಗಟ್ಟಿಮೇಳದಲ್ಲಿ ಸೀನು ಮುಚ್ಚಿಹೋದ ಹಾಗೆ. ಪಂಪ್‌ಹೌಸಿನ ಬೀಗದ ಕೈ ಎರಡೇ. ಒಂದು ಸತ್ತ ರೈಟರ ಸೊಂಟದಲ್ಲೇ ಸಿಕ್ಕಿತ್ತು. ಅನ್ವರನ ಫೋಟೋದಲ್ಲಿ ದಿನಾಂಕ ಇದೆ, ಹೂ ಇದೆ. ಮಳೆ ಪುಸ್ತಕದಲ್ಲಿ ಸತ್ತವರ ಕೈ ಬರಹ ಅಲ್ಲದ ಒಂದು ಸೊನ್ನೆ ಇದೆ.

ಈಗ ನೋಡಿ. ಮಾಟ ದಾರಿ ತೋರಿಸಿತು, ಆದರೆ ಗಂಟು ಬಿಚ್ಚಿದ್ದು ಹೂ. ಓದುಗರಿಗೆ ಮೋಸ ಆಗಲಿಲ್ಲ. ಕೆಸರನ್ನೂ ಸೊನ್ನೆಯನ್ನೂ ಅವರಿಗೆ ಮೊದಲೇ ಕೊಟ್ಟಿದ್ದೆವು. ಸಣ್ಣ ಊರಿನಲ್ಲಿ ಇಂಥ ಕಥೆ ಚೆನ್ನಾಗಿ ಕೂರುವುದು ಇದಕ್ಕೇ. ಎಲ್ಲರಿಗೂ ಎಲ್ಲವೂ ಅರ್ಧರ್ಧ ಗೊತ್ತಿರುತ್ತದೆ.

ವಶೀಕರಣದ ಪ್ರಶ್ನೆ

ಆ ಮಣಿಕಟ್ಟಿನ ದಾರ ಯಾಕಿತ್ತು? ಬಸ್ ಸ್ಟ್ಯಾಂಡಿನ ಗೋಡೆ, ಕರೆಂಟು ಕಂಬ, ಎಲ್ಲ ಕಡೆ ಸ್ತ್ರೀ ಪುರುಷ ವಶೀಕರಣ ಅಂತ ಫೋನ್ ನಂಬರಿನ ಜೊತೆ ಚೀಟಿ ಅಂಟಿಸಿರುತ್ತಾರಲ್ಲ. ನನ್ನ ಕಥೆಯಲ್ಲಿ ಧಣಿಯ ತಮ್ಮ ರೈಟರ ಮಗಳನ್ನು ಮದುವೆಯಾಗಬೇಕು ಅಂತ ಹಟ ಹಿಡಿದವನು. ಅವಳು ಬೇಡ ಅಂದಿದ್ದಾಳೆ. ಅಪ್ಪನಿಗೆ ದಾರ ಕಟ್ಟಿದರೆ ಅಪ್ಪ ಒಪ್ಪುತ್ತಾನೆ ಅಂತ ಯಾರೋ ಹೇಳಿಕೊಟ್ಟಿದ್ದಾರೆ. ಹಬ್ಬದ ದಾರ ಅಂತ ಕಟ್ಟಿದ. ಅಪ್ಪ ಒಪ್ಪಲಿಲ್ಲ. ಕಾಲುದಾರಿಯಲ್ಲಿ ಜಗಳವಾಯಿತು.

ಈ ಪ್ರಕಾರದ ಒಳ್ಳೆಯ ಕಥೆಗಳನ್ನು ಗುರುತಿಸಲು ನಾನು ನೋಡುವುದು ಇದನ್ನೇ. ಮಾಟ ನಿಜವಾದ ಲೋಕದಲ್ಲಿ ಪ್ರೀತಿ ಬಲವಂತದ್ದಾಗುವ ಅಪಾಯ ಯಾವಾಗಲೂ ಇರುತ್ತದೆ. ಮದ್ದು ಕುಡಿಸಿ ಒಲಿಸಿಕೊಳ್ಳಬಹುದು, ಮಂತ್ರ ಹೇಳಿ ಕಟ್ಟಿಹಾಕಬಹುದು. ಕೆಲವು ಕಥೆಗಳಲ್ಲಿ ಇಬ್ಬರು ನಾಯಕರು ಗೊತ್ತಿಲ್ಲದೆ ಒಂದು ಮಂತ್ರಕ್ಕೆ ಸಿಕ್ಕಿ ಗಂಡ ಗಂಡ ಆಗಿಬಿಡುತ್ತಾರೆ, ಬಿಡಿಸಿಕೊಳ್ಳಲಾಗದೆ ಒಂದೇ ಮನೆಯಲ್ಲಿ ಇರಬೇಕಾಗುತ್ತದೆ. ಓದಲು ಮಜಾ ಇರುತ್ತದೆ. ಆದರೆ ಒಳ್ಳೆ ಕಥೆಗಾರರು ಕೊನೆಗೆ ಆ ಮಂತ್ರವನ್ನು ಬಿಚ್ಚಿಯೇ ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಇಬ್ಬರೂ ಹೋಗಲು ಬಾಗಿಲು ತೆರೆದಿರುತ್ತದೆ. ಆಗಲೂ ಹೋಗದೆ ನಿಂತರೆ ಅದು ಮದುವೆ. ಬಿಚ್ಚದೆ ಹಾಗೇ ಸುಖಾಂತ ಅಂತ ಮುಗಿಸುವ ಪುಸ್ತಕಗಳೂ ಇವೆ. ನನಗೆ ಅವು ಒಪ್ಪಿಗೆಯಿಲ್ಲ. ಹುಡುಗಿಗೆ ಇಷ್ಟವಿಲ್ಲದೆ ತಾಳಿ ಕಟ್ಟಿದರೆ ಮದುವೆ ಅನ್ನಲಾಗದು ಅಂದಮೇಲೆ ಹುಡುಗನಿಗೂ ಅದೇ ಮಾತು.

ಸುಖಾಂತ ಎಲ್ಲಿಂದ ತರುವುದು

ಮ್ಯಾಸಚೂಸೆಟ್ಸಿನಲ್ಲಿ ನಡೆಯುವ ಕಥೆಗೆ ಈ ತೊಂದರೆಯಿಲ್ಲ. ಕೊನೆಯ ಅಧ್ಯಾಯದಲ್ಲಿ ಇಬ್ಬರೂ ಪುರಸಭೆಗೆ ಹೋಗಿ ಸಹಿ ಹಾಕುತ್ತಾರೆ. ಆಲ್ದೂರಿನಲ್ಲಿ?

ಶಿವು ಮತ್ತು ಅನ್ವರ್ ಈಗ ಅಪರಾಧಿಗಳಲ್ಲ. 1860ರ ದಂಡ ಸಂಹಿತೆಯ 377ನೇ ಕಲಮು ಇಂಥವರ ತಲೆ ಮೇಲೆ ಕತ್ತಿಯ ಹಾಗೆ ತೂಗುತ್ತಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅದನ್ನು ಇಳಿಸಿತು. ಒಪ್ಪಿಗೆಯಿಂದ ಕೂಡಿ ಬಾಳುವ ವಯಸ್ಕರನ್ನು ಪೊಲೀಸರು ಮುಟ್ಟುವ ಹಾಗಿಲ್ಲ. ಮದುವೆ ಮಾತ್ರ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಬೇರೆ ಬೇರೆ ಧರ್ಮದ ಗಂಡು ಹೆಣ್ಣು ಮದುವೆಯಾಗಬಹುದು. 30 ದಿನದ ನೋಟಿಸು ಕೊಟ್ಟು, ಆಕ್ಷೇಪ ಬರದಿದ್ದರೆ, ಮೂವರು ಸಾಕ್ಷಿಗಳ ಮುಂದೆ. ಆ ಬಾಗಿಲು ತಮಗೂ ತೆರೆಯಲಿ ಅಂತ ಕೇಳಿದವರಿಗೆ 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ ಆಗುವುದಿಲ್ಲ ಅಂದಿತು. ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಅಂತ. ಜೊತೆಗಿರಬಹುದು, ಆದರೆ ಆ ಜೊತೆಗೆ ಸರ್ಕಾರ ಸಾಕ್ಷಿ ಹಾಕುವುದಿಲ್ಲ. ಒಬ್ಬರಿಗೆ ಆಸ್ಪತ್ರೆಯಲ್ಲಿ ಸಹಿ ಬೇಕಾದಾಗ, ಬ್ಯಾಂಕಿನಲ್ಲಿ ವಾರಸುದಾರರ ಮಾತು ಬಂದಾಗ ಇದರ ಭಾರ ಗೊತ್ತಾಗುತ್ತದೆ.

ಹೀಗಾಗಿ ನಮ್ಮ ನೆಲದಲ್ಲಿ ಇಂಥ ಕಥೆ ಬರೆಯುವವರು ಸುಖಾಂತವನ್ನು ಬೇರೆ ಕಡೆಯಿಂದ ತರಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. 1966ರಲ್ಲಿ ಮೂಡಿಗೆರೆ ಹತ್ತಿರದ ಭೂತನಕಾಡಿನ ತೋಟದಲ್ಲಿ ಒಂದು ಮದುವೆ ನಡೆಯಿತು. ಹುಡುಗ ಪೂರ್ಣಚಂದ್ರ ತೇಜಸ್ವಿ, ಹುಡುಗಿ ರಾಜೇಶ್ವರಿ. ಪುರೋಹಿತರಿಲ್ಲ, ಲಗ್ನ ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ತಂದೆ ಕುವೆಂಪು ರೂಪಿಸಿದ ಮಾತುಗಳನ್ನು ಬಂದವರ ಮುಂದೆ ಓದಿದ್ದೇ ಮದುವೆ. ಆ ಪದ್ಧತಿಗೆ ಮಂತ್ರ ಮಾಂಗಲ್ಯ ಅಂತ ಹೆಸರು. ಆಮೇಲೆ ಎಷ್ಟೋ ಜೋಡಿಗಳು ಆ ದಾರಿ ಹಿಡಿದವು. ಅದು ಗಂಡು ಹೆಣ್ಣಿಗೆ ಅಂತ ಬರೆದದ್ದೇ, ಅದನ್ನು ಓದಿದ ಮಾತ್ರಕ್ಕೆ ಇಬ್ಬರು ಗಂಡಸರಿಗೆ ನೋಂದಣಿ ಸಿಗುವುದಿಲ್ಲ. ಆದರೆ ಹೆಸರನ್ನೊಮ್ಮೆ ಬಾಯಿಬಿಟ್ಟು ಹೇಳಿನೋಡಿ. ಮಂತ್ರ ಮತ್ತು ಮಾಂಗಲ್ಯ. ಮಾತು ಹೇಳಿದರೆ ಮದುವೆ ಆಗುತ್ತದೆ, ಕೇಳಿಸಿಕೊಂಡವರು ಸಾಕ್ಷಿಯಾಗುತ್ತಾರೆ ಅನ್ನುವ ನಂಬಿಕೆ ನಮ್ಮ ಗುಡ್ಡದಲ್ಲೇ ಅರವತ್ತು ವರ್ಷದ ಹಿಂದೆ ಹುಟ್ಟಿದ್ದು.

ನನ್ನ ಕಥೆಯ ಕೊನೆ ಹೀಗಿದೆ. ಏಪ್ರಿಲ್. ಅಜ್ಜಿಯ ಮನೆ ಅಂಗಳದಲ್ಲಿ ಹತ್ತು ಹನ್ನೆರಡು ಜನ. ರೈಟರ ಮಗಳು ಬಂದಿದ್ದಾಳೆ. ಅನ್ವರನ ತಾಯಿ ತುಂಬ ಹೊತ್ತು ಗೇಟಿನ ಹತ್ತಿರವೇ ನಿಂತಿದ್ದು, ಆಮೇಲೆ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಓಲಗ ಇಲ್ಲ. ಫೋಟೋ ತೆಗೆಯಲು ಯಾರೂ ಇಲ್ಲ, ತೆಗೆಯುವವನೇ ಮುಂದೆ ನಿಂತಿದ್ದಾನೆ. ಇಬ್ಬರೂ ತಾವೇ ಬರೆದ ನಾಲ್ಕು ಸಾಲು ಓದುತ್ತಾರೆ. ಅಜ್ಜಿ ಒಂದು ದಾರ ಕೊಡುತ್ತಾಳೆ. ಒಂದು ತುದಿ ಶಿವು ಹಿಡಿಯುತ್ತಾನೆ, ಇನ್ನೊಂದು ತುದಿ ಅನ್ವರ್. ಒಟ್ಟಿಗೆ ಎಳೆದು ಗಂಟು ಹಾಕುತ್ತಾರೆ. ಬಂದವರು ಅಕ್ಷತೆ ಹಾಕುತ್ತಾರೆ. ಅನ್ವರನ ತಾಯಿಯ ಕೈಯಲ್ಲೂ ಅಕ್ಕಿ ಇದೆ. ಅವರೂ ಎಸೆಯುತ್ತಾರೆ.

ರಾತ್ರಿ ಎಲ್ಲರೂ ಹೋದ ಮೇಲೆ ಶಿವು ಆ ಗಂಟನ್ನು ಬೆರಳಲ್ಲಿ ಮುಟ್ಟುತ್ತಾನೆ. ಒಂದು ಗಂಟಿಗೆ ಒಂದೇ ಹೆಸರು ಅಂತ ಅವನಿಗೆ ಗೊತ್ತು. ಈ ಸಲ ಎರಡು ಬರುತ್ತವೆ.